ಉಡಚವ್ವನ ಓದು

...ಅಲ್ಲ ಬಾಯಾರ, ಮೊದಲ ಒಳಗ ಬಂದು ಕುಂಡರ್ರಿ. ಬಾಗಲದಾಗ ನಿಂತು ಹಿಂಗ ಒಂದು ಮಾತು ಒಗದು ಸುಮ್ಮನಾದ್ರ ಹೆಂಗ? ಏನಂದ್ರಿ? ಮತ್ತೊಮ್ಮೆ ಅನ್ರಿ. ...ಬ್ಯಾಡ, ಬ್ಯಾಡ ಬಿಡ್ರಿ, ಕೇಳಿಸೇತಿ. ಉಡಚವ್ವಗ ಓದಾಕ ಬರೂದಿಲ್ಲ. ಉಡಚವ್ವಗ! ಹ್ಹ! ಇಪ್ಪತ್ತೆಂಟು ವರ್ಷ ಮಾಸ್ತರಕಿ ಮಾಡೀನಿ, ಇಂಥಾ ಚಾಷ್ಟಿ ಈ ಈಶಪ್ಪ ಮಾಸ್ತರನ ಕೂಡ ಯಾರೂ ಮಾಡಿದ್ದಿಲ್ಲ.

ಆ ಖುರ್ಚಿ ಬ್ಯಾಡ್ರಿ, ಅದರ ಕಾಲು ಅಲಗಾಡತೈತಿ. ಈ ಬಾಕಿನ ಮ್ಯಾಲ ಕುಂಡರ್ರಿ. ನನ್ನ ಕೈ ಪೂರಾ ಸುಣ್ಣ ಆಗ್ಯಾವು, ನೋಡ್ರಿ. ಹೆಡ್‌ಮಾಸ್ತರ ಅಂತ ಹೆಸರು, ಗ್ವಾಡಿಗೆ ಸುಣ್ಣ ಹಚ್ಚಾಂವನೂ ನಾನಽ. ನಾಳೆ ಹತ್ತೂವರಿಗೆ ಧಾರವಾಡದ ಸಾಹೇಬ್ರು ಬರ್ತಾರ, ಸಂಗಾಟ ಬೆಂಗಳೂರಿನವ್ರು ಇಬ್ರು. ಬೆಟಗೇರಿ ಮಗ್ಗದ ಓಣ್ಯಾಗಿನ ಈ ಎರಡು ಖೋಲಿ ಶಾಲಿಗೆ! ಯಾಕ ಬರ್ತಾರ? ನಮ್ಮ ರಟ್ಟಿನ ಪಾಠ ನೋಡಾಕ. ರಟ್ಟಿನ ಪಾಠ ತೋರ್ಸಾಕಿ ಯಾರು? ಉಡಚವ್ವ. ಇವತ್ತು ಸಂಜಿ ಐದಕ್ಕ ನೀವು ಬಂದು ಹೇಳ್ತೀರಿ, ಆಕಿಗೆ ಓದಾಕ ಬರೂದಿಲ್ಲ ಅಂತ!

ನೀರು ಕುಡೀತೀರಿ? ...ಬ್ಯಾಡ? ಆತು.

ಏನಾತು, ಹೇಳ್ರಿ. ಪುಸ್ತಕ ಕೊಟ್ರಿ? ಯಾವ ಪುಸ್ತಕ? ...ಓಹೋ, ನಿಮ್ಮ ಮನ್ಯಾಗಿನ ಕತಿ ಪುಸ್ತಕ. ಹೊಸಾದು. ಕೊಟ್ರಿ, ಆಕಿ ಓದ್ಲಿಲ್ಲ. ಅಷ್ಟಽ ಹೌದಲ್ಲೋ? ಅಂಜಿರಬೇಕು. ಹೊಸ ಪುಸ್ತಕ, ಹೊಸ ಬಾಯಾರು. ನೀವು ಬಂದು ಬರೇ ಮೂರು ತಿಂಗಳಾತು. ತಪ್ಪು ತಿಳೀಬ್ಯಾಡ್ರಿ ಸಾಬೀರಾಬಾಯಿ, ನೀವೂ ಮಾತು ಕಡಿಮಿ, ಆಕಿನೂ ಮಾತು ಕಡಿಮಿ. ಇಬ್ರೂ ಒಬ್ರ ಮಾರಿ ಒಬ್ರು ನೋಡಕೋತ ಕುಂತಿರಬೇಕು ಅರ್ಧ ತಾಸು! ...ನಗಬ್ಯಾಡ್ರಿ. ನಗಲಿಲ್ಲ? ನಕ್ಕಾಂಗ ಕಂಡ್ತು.

ಆಕಿ ಲಕ್ಷ್ಮಪ್ಪನ ಮಗಳು. ಲಕ್ಷ್ಮಪ್ಪ ಗೊತ್ತಲ್ಲ, ಈ ಗ್ವಾಡಿ ಹಿಂದ ಖಟ್ ಖಟ್ ಅಂತೈತಲ್ಲ, ಆ ಮಗ್ಗ ಅವಂದಽ. ಆ ಹುಡುಗಿ ಲಕ್ಷ್ಮೇಶ್ವರದಾಗ ಮುನ್ನೂರು ಮಂದಿ ಮಾಸ್ತರಗೋಳ ಮುಂದ ಮೇಜಿನ ಮ್ಯಾಲ ನಿಂತು ಓದ್ಯಾಳ. ಸಾಹೇಬ್ರು ತಾವಽ ಚೀಲದಾಗ ಕೈ ಹಾಕಿ, ಕೈಗೆ ಬಂದ ರಟ್ಟು ತಗದು ಕೊಟ್ರು. ಅ-ರ-ಸ. ಬ-ಸ-ವ. ಒಂದರ ತಪ್ಪಬೇಕಲ್ಲ? ಇಲ್ಲ! ಶಿರಹಟ್ಟಿಯಾಗ ಕಾಗುಣಿತದ ರಟ್ಟು. ಕಾ, ಕಿ, ಕೀ... ನೀರು ಕುಡದಾಂಗ. ಆಮ್ಯಾಲ ಹ್ವಾದ ವರ್ಷ ಮುಂಡರಗಿಯಾಗ, ಕೇಳ್ರಿ ಇದನ್ನ, ಕೈಯಾಗ ರಟ್ಟು, ಕಣ್ಣು ಕಿಡಕ್ಯಾಗ! ಹೊರಗ ಯಾವುದೋ ಆಡು ಹ್ವಾದ್ರ ಅದನ್ನ ನೋಡಕೋತ ಓದಿದ್ಲು! ಮಂದಿ ಚಪ್ಪಾಳಿ ಹೊಡದು ಹೊಡದು... ಒಬ್ಬ ಮಾಸ್ತರ ಎದ್ದು ನಿಂತು 'ಇದು ಸರಸ್ವತಿ' ಅಂದ. ನಾನು ಹೇಳಿದೆ, ಸರಸ್ವತಿ ಅಲ್ಲೋ ಮಾರಾಯ, ಇದು ವಿಧಾನ. ಹೊಸ ವಿಧಾನ!

...ಹೌದು, ನನ್ನ ದನಿ ಏರ್ತು. ಏರಲಿ. ದಣದೀನಿ ಬಾಯಾರ. ಮುಂಜಾನಿಂದ ಈ ಗ್ವಾಡಿ, ಆ ತೋರಣ, ಆ ತಖ್ತೆ...

ನಿಮಗ ಹೊಸ ವಿಧಾನ ಅಂದ್ರ ಏನು ಗೊತ್ತೈತಿ? ನೀವು ಇಂಗ್ಲಿಷ್ ಶಾಲ್ಯಾಗ ಕಲ್ತವ್ರು. ಬೂಟು, ಟಾಯಿ, ಬಣ್ಣದ ಚಿತ್ರ. ನಾನು ಇಪ್ಪತ್ತೆಂಟು ವರ್ಷದಾಗ ಎಷ್ಟು ಹೊಸ ವಿಧಾನ ಮಣ್ಣು ಮಾಡಿ ಬಂದೀನಿ, ಹೇಳಲೇನು? ಮೊದಲ ಹೊಂಬಳದಾಗಿದ್ದೆ. ಆಗ ತಕಲಿ ಬಂತು. ಹುಡುಗೂರು ನೂಲು ತಗೀಬೇಕು, ನೂಲಿನಿಂದ ಲೆಕ್ಕ ಕಲೀಬೇಕು. ಹೊಂಬಳದಾಗ ಹತ್ತಿ ಮುಗಲೆತ್ತರ ಬಿದ್ದಿತ್ತು, ಶಾಲಿಗೆ ಮಾತ್ರ ಹತ್ತಿ ಧಾರವಾಡದಿಂದ ಬರಬೇಕು ಅಂತ ಹುಕುಂ! ಬರಲಿಲ್ಲ. ಆಮ್ಯಾಲ ಅಸುಂಡಿ. ಅಲ್ಲಿ ರೇಡಿಯೋ ಪಾಠ. ರೇಡಿಯೋ ಬಂತು, ಬ್ಯಾಟರಿ ಬರಲಿಲ್ಲ. ಎರಡು ವರ್ಷಕ್ಕ ಬ್ಯಾಟರಿ ಬಂತು, ಅಷ್ಟರಾಗ ರೇಡಿಯೋ ರಿಪೇರಿಗೆ ಅಂತ ಗದಗಿಗೆ ಹೋಗಿತ್ತು. ಇನ್ನಽ ಬಂದಿಲ್ಲ ಅದು. ಮುಂಡರಗಿ ಕಡೆ ಒಂದು ಹಳ್ಳ್ಯಾಗ ಭೂಮಿ ಗೋಲ ಕೊಟ್ರು. ಅಲ್ಲಿನ ಹೆಡ್‌ಮಾಸ್ತರ, ಹುಡುಗೂರು ಮುಟ್ಟಿದ್ರ ಒಡೀತಾವಂತ ಕಪಾಟದಾಗ ಇಟ್ಟು ಕೀಲಿ ಹಾಕಿದ. ಕನ್ನಡಿ ಬಾಗಲದಾಗಿಂದ ಆಫ್ರಿಕಾ ಕಾಣತಿತ್ತು. ಐದು ವರ್ಷ ಆ ಊರ ಹುಡುಗೂರು ಆಫ್ರಿಕಾ ಅಷ್ಟಽ ನೋಡಿದ್ರು. ಹಿಂದಿನ ಮಗ್ಗಲಕ ಏನೈತಿ ಯಾರಿಗೂ ಗೊತ್ತಿದ್ದಿಲ್ಲ!

ಈಗ ನಕ್ರಿ. ನಗರಿ, ನಗರಿ. ನಾನೂ ನಗತಿದ್ದೆ ಆಗ.

ಆದ್ರ ಒಂದು ಮಾತು. ಅವೆಲ್ಲಾ ಮ್ಯಾಲಿಂದ ಬಂದ್ವು. ಒಂದಽ ಒಂದು ಕೆಳಗಿಂದ ಹುಟ್ಟಿದ್ದು ಅಂದ್ರ ಈ ರಟ್ಟು. ನನ್ನ ತೆಲ್ಯಾಗ ಹುಟ್ಟಿದ್ದು.

ಎಪ್ಪತ್ತೊಂಬತ್ತರಾಗ ನಾನು ಈ ಶಾಲಿಗೆ ಬಂದಾಗ ಹಾಜರಿ ಪಟದಾಗ ನಾಲ್ವತ್ತೆರಡು ಹೆಸರು, ಖೋಲ್ಯಾಗ ಎಂಟು ಹುಡುಗೂರು. ಉಳದವ್ರೆಲ್ಲಿ? ಮನ್ಯಾಗ. ಕಂಡಿಕಿಗೆ ನೂಲು ಸುತ್ತತಾವು, ಎಳಿ ಕೂಡಸ್ತಾವು, ಮಗ್ಗದ ರಟ್ಟು ದಾರದಾಗ ಪೋಣಸ್ತಾವು. ನಾನು ಓಣಿ ಓಣಿ ತಿರಗಿದೆ. 'ಲಕ್ಷ್ಮಪ್ಪ, ಹುಡುಗೀನ್ನ ಕಳಸೋ' ಅಂದ್ರ, 'ಮಾಸ್ತರ, ಅಲ್ಲಿ ಬಂದು ಏನ್ ಮಾಡತೈತಿ? ಇಲ್ಲಿ ರಟ್ಟರ ಪೋಣಸತೈತಿ' ಅಂದ. ಖರೆ ಐತಲ್ಲ? ಶಾಲ್ಯಾಗ ಏನಿತ್ತು? ಪಾಟಿ ಇದ್ದಿಲ್ಲ. ಕರೀಹಲಗಿ ಮಧ್ಯ ಸೀಳಿತ್ತು, 'ಅ' ಬರದ್ರ ಎರಡು ತುಂಡಾಗಿ ಕಾಣತಿತ್ತು. ಮಧ್ಯಾಹ್ನ ಉಪ್ಪಿಟ್ಟು ಒಂದಿತ್ತು, ಅದಕ್ಕಽ ಆ ಎಂಟು ಬರತಿದ್ವು.

ಅವತ್ತಽ ಯಮನೂರಸಾಬನ ಅಂಗಡಿ ಮುಂದ ಹೋಗತಿದ್ದೆ. ನೀವು ನೋಡೀರಿ ಅವನ್ನ, ಸೀರಿ ಅಂಚಿನ ರಟ್ಟಿಗೆ ತೂತು ಹೊಡ್ಯಾಂವ. ಇಷ್ಟುದ್ದ ರಟ್ಟು, ಒಂದೊಂದಕ್ಕ ಒಂದೊಂದು ನಮೂನಿ ತೂತು. ಮಗ್ಗಕ್ಕ ಏರಿಸಿದ್ರ ತೂತು ಇದ್ದಲ್ಲಿ ಎಳಿ ಏಳತೈತಿ, ಇಲ್ಲದಲ್ಲಿ ಕೂಡತೈತಿ, ಅಂಚಿನ್ಯಾಗ ಹೂ ಮೂಡತೈತಿ. ಸವದ ರಟ್ಟು ಒಂದು ಗುಡ್ಡ ಬಿದ್ದಿತ್ತು ಅವನ ಅಂಗಳದಾಗ. 'ಏನ್ ಮಾಡ್ತೀಯೋ ಇವನ್ನ?' ಅಂದೆ. 'ನೀರು ಕಾಸತೀವ್ರಿ' ಅಂದ. ನನ್ನ ತೆಲ್ಯಾಗ ದೀಪ ಹತ್ತಿದಾಂಗಾತು ನೋಡ್ರಿ! ಈ ಹುಡುಗೂರು ಹುಟ್ಟಿದಾಗಿಂದ ಹಿಡದ ವಸ್ತು ಇದು. ಪಾಟಿ ಅಂದ್ರ ಅಂಜತಾವು, ರಟ್ಟಿಗೆ ಅಂಜೂದಿಲ್ಲ. ಇದರ ಮ್ಯಾಲ ಅಕ್ಷರ ಬರದು ಕೊಟ್ರ?

ಮೂರು ಮಗ್ಗದ ಹಳೇ ರಟ್ಟು ತಂದೆ. ಮೂರೂ ಒಂದಽ ಅಂಚಿನವು. ಯಮನೂರಸಾಬ ರಟ್ಟಿನ ಮೂಲಿಯೊಳಗ ನಂಬರ ಬರದಿದ್ದ, ಒಂದು ಎರಡು ಮೂರು ಅಂತ, ಹಂಗಽ ಸಾಲು ಹಿಡದು ಒಂದನೇದಕ್ಕ ಅ, ಎರಡನೇದಕ್ಕ ಆ... ಮೂರು ಕಟ್ಟಿನ್ಯಾಗೂ ಹಂಗಽ. ನನಗ ಮೊದಲಿಂದ ಓರಣ ಬೇಕು. ಕರೀ ಬಣ್ಣದಾಗ ಬರದೆ. ಎಂಟು ದಿನ ಬರದೆ, ಬೆರಳು ಸೆಟದು ಹ್ವಾದ್ವು. ಒಂದೊಂದು ಕಟ್ಟಿನ್ಯಾಗ ಮುನ್ನೂರು ಚಿಲ್ಲರ ರಟ್ಟು, ಕಾಗುಣಿತ ಸಹಿತ. ನಮ್ಮಾಕಿ ಅಂದ್ಲು, 'ಮನಿ ತುಂಬ ರದ್ದಿ ತುಂಬ್ಸಿರಿ, ಹುಚ್ಚಗಿಚ್ಚ ಹಿಡದೈತೇನು?'

ತಿಂಗಳೊಪ್ಪತ್ತಿನ್ಯಾಗ ಮೂವತ್ತೊಂದು ಹುಡುಗೂರು! ತಾವಽ ಬಂದ್ವು. ನೆಲದ ಮ್ಯಾಲ ರಟ್ಟು ಹಾಸಿ, ಜೋಡಿಸಿ, ಶಬ್ದ ಮಾಡಿ... ಆಟ ಅದು ಅವಕ್ಕ. ಅದರಾಗ ಆರು ವರ್ಷದ ಉಡಚವ್ವ. ನಲವತ್ತು ದಿನದಾಗ ಎಲ್ಲಾ ರಟ್ಟು ಬಂದ್ವು ಆಕಿಗೆ. ನಲವತ್ತಽ ದಿನ! ನಾನು ಲೇಖನ ಬರದೆ, ಸ್ಪರ್ಧೆಗೆ ಕಳಿಸಿದೆ. ಸಾಹೇಬ್ರು ಓಡಿಬಂದ್ರು. ಹೊರಗ ಕುಂತು ಉಪ್ಪಿಟ್ಟು ತಿನ್ನಾಕೀನ್ನ ಎಬ್ಬಿಸಿ ತಂದು ಓದಿಸಿದೆ, ಕೈ ತೊಳಿಯಾಕೂ ಬಿಡಲಿಲ್ಲ...

ಯಾಕ ಹಂಗ ನೋಡ್ತೀರಿ? ನಾನು ಬಡಾಯಿ ಹೇಳಾಕತ್ತಿಲ್ಲ. ಕೇಳ್ರಿ, ನೀವು ಸಣ್ಣವ್ರು. ನಾಳೆ ಅವ್ರು ಹೂಂ ಅಂದ್ರ ಏನಾಗತೈತಿ ಗೊತ್ತೈತಿ? ಗದಗಿನ ಛಾಪಖಾನ್ಯಾಗ ಈ ರಟ್ಟು ಅಚ್ಚಾಗತಾವು. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಎಲ್ಲಾ ಶಾಲಿಗೂ ಹೋಗತಾವು. ಮ್ಯಾಲಿಂದ ಬಂದ ರೇಡಿಯೋ ಅಲ್ಲ, ಗೋಲ ಅಲ್ಲ. ಬೆಟಗೇರಿ ಮಗ್ಗದ ಓಣ್ಯಾಗ ಹುಟ್ಟಿದ್ದು. ನಾನು ಬರೂ ವರ್ಷ ರಿಟೈರ ಆಗಿ ಮನಿಗೆ ಹೋಗಾಂವ, ನನಗೇನೂ ಬ್ಯಾಡ. ಹೆಸರೂ ಬ್ಯಾಡ... ಅಂದ್ರ, ಹೆಸರು ಹಾಕಿದ್ರ ಬ್ಯಾಡ ಅನ್ನೂದಿಲ್ಲ, ಖರೆ ಹೇಳಬೇಕಂದ್ರ.

ನೀವು ಹೇಳೂದೇನು? ನಾಳೆ ಉಡಚವ್ವನ್ನ ನಿಲ್ಲಿಸಬಾರದು. ಅಷ್ಟಽ ಹೌದಲ್ಲೋ? ...ಮತ್ತ? ...ಸಾಹೇಬ್ರಿಗೆ ಹೇಳಬೇಕು? ಏನಂತ ಹೇಳಬೇಕು? 'ಸ್ವಾಮಿ, ನಾಲ್ಕು ವರ್ಷ ನೀವು ಚಪ್ಪಾಳಿ ಹೊಡದ ಹುಡುಗಿಗೆ ಓದಾಕ ಬರೂದಿಲ್ಲ, ಮೊನ್ನಿ ಬಂದ ಸಾಬೀರಾಬಾಯಿ ಕಂಡು ಹಿಡದಾರ' ಅಂತ? ನಗತಾರ್ರಿ. ನಿಮಗಽ ನಗತಾರ!

...ಸಿಟ್ಟಾಗಬ್ಯಾಡ್ರಿ. ಹಂಗ ಅನಬಾರದಾಗಿತ್ತು. ಸುಸ್ತಾಗೇತಿ ನನಗ.

ನೋಡ್ರಿ, ಕಣ್ಣಿನ ದೋಷ ಇರಬಹುದು. ಮಗ್ಗದ ಮನ್ಯಾಗ ಬೆಳಕು ಕಡಿಮಿ, ಆ ಹುಡುಗೂರ ಕಣ್ಣು ಲಗೂನ ಹೋಗತಾವು. ಸಣ್ಣ ಅಕ್ಷರ ಕಂಡಿರೂದಿಲ್ಲ. ...ದೊಡ್ಡ ಅಕ್ಷರ? ಕರೀಹಲಗಿ ಮ್ಯಾಲ ಬರದು ಕೇಳಿದ್ರಿ? ಹೂಂ. ...ಹಂಗಾರ ಜ್ವರ. ಈಗ ಓಣಿ ತುಂಬ ಜ್ವರ ಐತಿ. ಮೋತಿಬಿ ಮಗಾನೂ ಬಂದಿಲ್ಲ ನಾಲ್ಕು ದಿನ ಆತು. ಹುಡುಗೂರಿಗೆ ಜ್ವರ ಬಂದ್ರ ಹಂಗಽ, ಬಂದದ್ದೆಲ್ಲಾ ಮರೀತಾವು.

ಮತ್ತ ಆಕಿ ಬರೀತಾಳಲ್ಲ? ಕಾಪಿ ನೋಡೀರಿ? ಎಷ್ಟು ಚಂದ ಬರೀತಾಳ, ಅಂಚಿನ ಹೂ ತಗದಾಂಗ! ...ನೋಡಿ ಬರೀತಾಳ, ಹೌದು. ನೋಡಿ ಬರಿಯೂದೂ ಬರಿಯೂದಽ. ಪಾಠ ಕೇಳ್ರಿ, ಮೂರನೆತ್ತೆ ಪುಸ್ತಕ ಇಡೀ ಬಾಯಾಗೈತಿ ಆಕಿಗೆ. ...ಹೂಂರಿ, ಎಲ್ಲಾರೂ ಕೂಡಿ ಒದರತಾರ, ಕಿವಿಲೆ ಕಲ್ತಿರಬಹುದು. ನಾವೆಲ್ಲಾ ಕಿವಿಲೇನಽ ಕಲ್ತಿಲ್ಲೇನು? ನಿಮ್ಮ ಇಂಗ್ಲಿಷ್ ಶಾಲ್ಯಾಗ ಒದರತಿದ್ದಿಲ್ಲೇನು?

ಹಿಂಗ ತೆಲಿ ಅಲಗಾಡಸಬ್ಯಾಡ್ರಿ ಬಾಯಾರ. ಬೈರಿ ಬೇಕಾದ್ರ. ಆ ಗ್ವಾಡಿ ಏನು ನೋಡ್ತೀರಿ, ಸುಣ್ಣ ಇನ್ನೂ ಹಸಿ ಐತಿ.

ಆತು. ಒಂದು ಮಾತು ಕೇಳ್ರಿ ನಂದು. ನಾಳೆ ಒಂದು ತಾಸು. ಒಂದಽ ತಾಸು. ಆಕೀನ್ನ ಮುಂದ ಕುಂಡರಸ್ರಿ, ತೆಲಿಗೆ ಎಣ್ಣಿ ಹಚ್ಚಿ ಹೆರಳ ಹಾಕಸ್ರಿ, ನೀಲಿ ಲಂಗ ಉಡಿಸಿ ಕಳಸು ಅಂತ ಆಕಿ ಅವ್ವ ಹನಮಂತವ್ವಗ ನಾನು ಹೇಳೀನಿ. ರಟ್ಟು ನಾನಽ ಕೊಡ್ತೀನಿ. ನೀವು ಬರೇ ಬಾಜೂಕ ನಿಂದರ್ರಿ, ಏನೂ ಅನಬ್ಯಾಡ್ರಿ. ಅವ್ರು ಊಟ ಮಾಡಿ ಮೋಟಾರ ಹತ್ತಿ ಹೋಗ್ಲಿ. ಆಮ್ಯಾಲ ನಾವಿಬ್ರೂ ಕೂಡಿ ಆಕೀನ್ನ ತಯಾರ ಮಾಡೂಣು. ದೀಪಾವಳಿ ಸೂಟಿ ಐತಿ, ಬ್ಯಾಸಗಿ ಸೂಟಿ ಐತಿ. ಐದನೆತ್ತೆಗೆ ಗದಗಿನ ದೊಡ್ಡ ಶಾಲಿಗೆ ಹೋಗೂದ್ರಾಗ ಆಗತೈತಿ. ಏನು ದೊಡ್ಡ ಕೆಲಸ ಅಲ್ಲ ಅದು. ಹುಡುಗಿ ಶಾಣ್ಯಾ ಐತಿ. ಬೆರಳಿನ ರೂಢಿ ಒಂದು ಬಿಡಸಬೇಕು. ತೂತು ಮುಟ್ಟಿ ಓದೂದು ಬಿಟ್ಟು ಕಣ್ಣಿಗೆ ಬರಬೇಕಂದ್ರ ಮೊದಲ ಮೊದಲ ಯಾಳೆ ಹಿಡಿತೈತಿ, ಆಮ್ಯಾಲ ತಾನಽ...

ಯಾಕ? ಯಾಕ ಎದ್ರಿ? ಕುಂಡರ್ರಿ.

ಏನಂದೆ ನಾನು?

...ತೂತು ಮುಟ್ಟಿ ಓದೂದು. ಹೂಂ. ನೀವಽ ಅಂದ್ರಲ್ಲ ಈಗ. ...ಇಲ್ಲ? ನೀವು ಅನಲಿಲ್ಲ? ಪುಸ್ತಕ ಕೊಟ್ಟೆ, ಓದಲಿಲ್ಲ ಅಂದ್ರಿ. ಹಲಗಿ ಮ್ಯಾಲ ಬರದೆ, ಓದಲಿಲ್ಲ ಅಂದ್ರಿ. ಬೆರಳಿನ ಸುದ್ದಿ... ನೀವು ತಗೀಲಿಲ್ಲ. ಯಾಕ ಓದಲಿಲ್ಲ ಅಂತ ನಿಮಗಽ ಗೊತ್ತಿದ್ದಿಲ್ಲ.

ಗೊತ್ತಿದ್ದಿಲ್ಲ ನಿಮಗ.

...

ಮಗ್ಗ ನಿಂತ್ತು ನೋಡ್ರಿ. ಲಕ್ಷ್ಮಪ್ಪ ಚಾ ಕುಡ್ಯಾಕ ಎದ್ದಿರಬೇಕು.

ಬಾಯಾರ, ಹಿಂಗ ನಿಂತು ನೋಡಬ್ಯಾಡ್ರಿ. ...ಆತು, ಹೇಳ್ತೀನಿ. ಹೇಳ್ತೀನಿ ಕುಂಡರ್ರಿ. ನಿಂತಽ ಕೇಳ್ತೀರಿ? ಆತು.

ಹ್ವಾದ ವರ್ಷ. ಮುಂಡರಗಿಯಿಂದ ಬಂದ ಮ್ಯಾಲ. ಆ ಕಿಡಕಿ ಹೊರಗ ನೋಡಿ ಓದಿದ್ಲಲ್ಲ, ಚಪ್ಪಾಳಿ ನಡದಾಗಽ ನನ್ನ ಎದಿಯಾಗ ಒಂದು ಮುಳ್ಳು ಚುಚ್ಚಿದಾಂಗಾಗಿತ್ತು. ನೋಡದಽ ಹೆಂಗ ಓದತೈತಿ ಇದು? ಬಸ್ಸಿನ್ಯಾಗ ನನ್ನ ತೊಡಿ ಮ್ಯಾಲ ತೆಲಿ ಇಟ್ಟು ಮಲಗಿತ್ತು ಕೂಸು, ಗದಗ ಬರೂ ತನಕ ಅದರ ಬೆರಳು ನೋಡಕೋತ ಬಂದೆ. ನಿದ್ದಿಯಾಗೂ ಬೆರಳು ಆಡತಿದ್ವು. ಮುಟ್ಟಿ ಮುಟ್ಟಿ ನೋಡಿದಾಂಗ. ಮನಿಗೆ ಬಂದು ಮರತೆ. ಮರತೆ ಅಂತ ಅನಕೊಂಡೆ.

ಆಮ್ಯಾಲ ಒಂದಿನ ಬಾಜೂ ಮನಿ ಉಸ್ಮಾನಸಾಬನ ಆಡು ಒಳಗ ಬಂದು ಒಂದು ಕಟ್ಟಿನ 'ಮ' ರಟ್ಟು ತಿಂದ್ತು. ಯಾಕ ನಗ್ತಿಲ್ಲ ನೀವು? ಎಲ್ಲಾರೂ ನಕ್ರು ಅವತ್ತು. ನಾನು ಹಳೇ ಕ್ಯಾಲೆಂಡರಿನ ದಪ್ಪ ಹಾಳಿ ಕತ್ತರಿಸಿ, ಹೊಸಾ 'ಮ' ಬರದಿಟ್ಟೆ. ಅಷ್ಟಽ ಚಂದ, ಅಷ್ಟಽ ದೊಡ್ಡದು. 'ಅಮರ' ಜೋಡಿಸಿ ಕೊಟ್ಟೆ ಆಕಿಗೆ. 'ಅ' ಅಂದ್ಲು. ನಿಂತ್ಲು. ಆ ಕ್ಯಾಲೆಂಡರ ಹಾಳಿ ಹಿಂದ ಮುಂದ ಸವರಿದ್ಲು. ಬಿಟ್ಟು, 'ರ' ಅಂದ್ಲು. ಚಾಷ್ಟಿ ಮಾಡ್ತಾಳ ಅನಕೊಂಡೆ. ಬೈದೆ. ಮತ್ತೊಮ್ಮೆ ಓದಸಿದೆ. ಅ... ರ. ಮೂರು ವರ್ಷ 'ಮ' ಓದಿದ ಹುಡುಗಿ!

ಎಲ್ಲಾ ಹುಡುಗೂರನ್ನ ಮನಿಗೆ ಕಳಿಸಿ ಆಕೀನ್ನ ಉಳಸಿಕೊಂಡೆ. ಯಮನೂರಸಾಬನ ಹತ್ರ ಅದಽ ಅಂಚಿನ ಒಂದು ಬ್ಯಾರೆ ರಟ್ಟು ಇತ್ತು, ನಂಬರ ನೋಡದಽ ತಂದು, ಅದರ ಮ್ಯಾಲ 'ಮ' ಬರದು ಕೊಟ್ಟೆ. ಕೈಯಾಗ ಹಿಡಿದಾಕೀನಽ, 'ಜಾ' ಅಂದ್ಲು. ನಕ್ಕೋತ ಅಂದ್ಲು, ಎಷ್ಟು ಖುಷಿಲೆ! ಕಣ್ಣ ಮುಂದ ಇಷ್ಟು ದೊಡ್ಡ 'ಮ' ಐತಿ, ಆಕಿ 'ಜಾ' ಅಂತಾಳ. ನಾನು ಮೂಲ್ಯಾಗಿನ ನಂಬರ ನೋಡಿದೆ. ನಮ್ಮ ಕಟ್ಟಿನ್ಯಾಗ ಆ ನಂಬರಿಗೆ ಬರದದ್ದು 'ಜಾ'ನಽ ಇತ್ತು.

ತಿಳೀತಿಲ್ಲೋ? ಆಕಿ ಅಕ್ಷರ ನೋಡೇ ಇಲ್ಲ. ಮೊದಲನೇ ದಿನದಿಂದ. ಮಗ್ಗದ ಮನಿ ಹುಡುಗಿ, ರಟ್ಟು ಪೋಣಸಾಕಿ, ಯಾವ ತೂತಿನ ಹಿಂದ ಯಾವ ತೂತು ಬರತೈತಿ ಅಂತ ಬೆರಳಿಗೆ ಗೊತ್ತು. ತಪ್ಪಿ ಪೋಣಿಸಿದ್ರ ಅಂಚು ಕೆಡತೈತಿ, ಬೆನ್ನಿಗೆ ಗುದ್ದು ಬೀಳತಾವು. ನಾನು 'ಅ' ಅಂತ ಹೇಳಕೊಟ್ಟೆ, ಆ ತೂತಿಗೆ ಅ ಅಂತಾರ ಅನಕೊಂಡ್ಲು. ಮೂರೂ ಕಟ್ಟಿನ್ಯಾಗ ನಾನು ಓರಣಲೆ ಒಂದಽ ಸಾಲು ಹಿಡದು ಬರದಿದ್ದೆ. ಒಂದು ಕಟ್ಟಿನ್ಯಾಗರ ಹಿಂದ ಮುಂದ ಬರದಿದ್ರ ಮೊದಲನೇ ವಾರದಾಗಽ ಬೈಲಿಗೆ ಬೀಳತಿತ್ತು! ಮುನ್ನೂರು ಚಿಲ್ಲರ ರಟ್ಟಿನ ತೂತು ನೆನಪಿಟ್ಟಾಳ್ರಿ ಆ ಕೂಸು, ಸಾಬೀರಾಬಾಯಿ. ಮುನ್ನೂರು! ಅಕ್ಷರ ಕಲಿಯೂದು ಅದರ ಮುಂದ ಏನಿತ್ತು? ಎಷ್ಟು ಹಗರ ಇತ್ತು!

ಉಳದ ಹುಡುಗೂರು? ಅವೂ ಕೆಲವು ಹಂಗಽ ಸುರು ಮಾಡಿದ್ದಾವು. ಆದ್ರ ಅವು ದಿನಾ ಖೋಲ್ಯಾಗಿದ್ವು. ಪುಸ್ತಕ ಕೈಗೆ ಬಂದ್ವು, ಎಡವಿದ್ವು, ಬೈಸಿಕೊಂಡ್ವು, ಕಲ್ತ್ವು. ಈಕಿ ಎಲ್ಲಿದ್ಲು? ಲಕ್ಷ್ಮೇಶ್ವರದಾಗ. ಶಿರಹಟ್ಟಿಯಾಗ. ಯಾರರ ಬಂದ್ರ ಅಂಗಳದಾಗ. ನನ್ನ ಚೀಲದ ಸಂಗಾಟ. ಎಡವಾಕ ನಾನು ಬಿಡಲಽ ಇಲ್ಲ ಆಕೀನ್ನ.

...ಒಂದು ವರ್ಷದಿಂದ ಯಾಕ ಕಲಸಲಿಲ್ಲ ಅಂತೀರಿ. ಬಾಯಿಲೆ ಅನಲಿಲ್ಲ, ಮಾರಿ ಅಂತೈತಿ. ಕಲಸಬೇಕಂತ ನಾಲ್ಕು ಸಲ ಕುಂಡರಿಸಿದೆ. ಖರೆ. ಆಕಿ ಮುಂದ ಬಂದು ಕುಂತ್ರ... ಹೆಂಗ ಸುರು ಮಾಡ್ಲಿ? 'ತಂಗಿ, ನೀ ಇಲ್ಲೀತನಕ ಓದಿದ್ದು ಓದಲ್ಲ' ಅಂತ ಹೇಳಬೇಕಲ್ಲ? ಹಂಗ ಹೇಳಿದ ದಿನ ಆಕಿ ರಟ್ಟು ಹಿಡದಾಗ ನಕ್ಕೋತ ಓದೂದಿಲ್ಲ. ಅಂಜತಾಳ, ತಪ್ಪತಾಳ. ಅಷ್ಟರಾಗ ಧಾರವಾಡದ ಕಾಗದ ಬಂದಿತ್ತು, ಸಮಿತಿ ಬರತೈತಿ ಅಂತ. ಸಮಿತಿ ಹೋಗ್ಲಿ, ಆಮ್ಯಾಲ ಅಂದೆ. ಸಮಿತಿ ಮುಂದಕ್ಕ ಹೋತು. ನಾನೂ ಮುಂದಕ್ಕ ಹಾಕಿದೆ. ಇಷ್ಟಽ.

ಇಷ್ಟಽ ಅಂದ್ರೂ ನೀವು ಹೋಗವಲ್ರಿ.

ಇನ್ನೇನು ಕೇಳಬೇಕಾಗೇತಿ? ನನಗ ತಿಳದ ಮ್ಯಾಲ ಆಕಿಗೆ ತಿಳೀತೋ ಇಲ್ಲೋ ಅಂತ? ...ಅದನ್ನಽ ಕೇಳ್ತೀರಿ ಅಂತ ಗೊತ್ತಿತ್ತು ನನಗ. ನೀವು ಸುಮ್ಮನಿದ್ದಷ್ಟೂ ಮಾತು ನನ್ನ ಬಾಯಾಗಿಂದ ಬರಾಕತ್ತಾವು. ಶಾಣ್ಯಾ ಇದ್ದೀರಿ.

ತಿಳದಿತ್ತು. ಆಕಿನಽ ಬಂದು ಕೇಳಿದ್ಲು.

ಆ 'ಜಾ' ಅಂದ ಮರುದಿನ. ನಾನು ಶಾಲಿ ಬಾಗಲದ ಪಾವಟಿಗಿ ಮ್ಯಾಲ ಕುಂತಿದ್ದೆ. ಮೂರನೆತ್ತೆ ಪುಸ್ತಕ ಎದಿಗೆ ಅವಚಿಕೊಂಡು ಬಂದು ನಿಂತ್ಲು. ಆ ಹುಡುಗಿ ಎಂದೂ ತಾನಾಗಿ ಮಾತಾಡಿದ್ದಲ್ಲ. ಪುಸ್ತಕ ಬಿಚ್ಚಿ, ಹಾಳಿ ಮ್ಯಾಲ ಕೈ ಆಡಿಸಿ ತೋರಿಸಿ, 'ಸರ, ಇದರಾಗ ತೂತಽ ಇಲ್ಲಲ್ರಿ' ಅಂದ್ಲು. 'ಉಳದ ಹುಡುಗೂರು ಹೆಂಗ ಓದತಾರ್ರಿ ಸರ? ನನಗೂ ಹೇಳಿಕೊಡ್ರಿ' ಅಂದ್ಲು.

ಹಂಗ ಕೇಳಿದ್ಲು. ಅಳಲಿಲ್ಲ, ಏನಿಲ್ಲ. ಲೆಕ್ಕ ತಿಳೀಲಿಲ್ಲ ಅಂದ್ರ ಕೇಳತಾರಲ್ಲ, ಹಂಗ.

ಇಪ್ಪತ್ತೆಂಟು ವರ್ಷದಾಗ ಒಂದು ಹುಡುಗ ಹಂಗ ಬಂದು ಕೇಳಲಿ ಅಂತ ಕಾದಾಂವ ನಾನು. ತಕಲಿ ಬ್ಯಾಡ, ರೇಡಿಯೋ ಬ್ಯಾಡ. ಹಿಂಗ ಒಂದು ಕೂಸು ತನಗ ಏನು ಬರೂದಿಲ್ಲ ಅಂತ ತಾನಽ ಕಂಡು ಹಿಡದು, ಪುಸ್ತಕ ಹಿಡಕೊಂಡು ಬಂದ್ರ... ಅವತ್ತು ಅರ್ಧ ತಾಸು ಸಾಕಾಗತಿತ್ತು ಬಾಯಾರ. ಅರ್ಧ ತಾಸು.

ನಾನೇನಂದೆ?

...ಆ ಕಡೆ ನೋಡ್ರಿ ಸ್ವಲ್ಪ. ನನ್ನ ಮಾರಿ ನೋಡಬ್ಯಾಡ್ರಿ.

ಪುಸ್ತಕ ಕಸಕೊಂಡು ಮುಚ್ಚಿದೆ. 'ಉಡಚವ್ವ, ಈ ಮಾತು ಯಾರ ಮುಂದೂ ಅನಬಾರದು' ಅಂದೆ. 'ಯಾರ ಮುಂದೂ. ತಿಳೀತಿಲ್ಲೋ?' ಗ್ವಾಣ ಹಾಕಿದ್ಲು. 'ಏನಂದೆ ಹೇಳು' ಅಂದೆ, ಪಾಠ ಒಪ್ಪಿಸಿಕೊಂಡಾಂಗ. 'ಯಾರ ಮುಂದೂ ಅನಬಾರದ್ರಿ ಸರ' ಅಂದ್ಲು. ಮತ್ತೊಮ್ಮೆ ಅನ್ನು ಅಂದೆ. ಮತ್ತೊಮ್ಮೆ ಅಂದ್ಲು.

ನಿಮ್ಮ ಮುಂದ ಅಂದಾಳೇನು? ಪುಸ್ತಕ ಕೊಟ್ಟು ಇವತ್ತು ಅಷ್ಟು ಕೇಳಿದ್ರಲ್ಲ, ಏನರ ಬಾಯಿ ಬಿಟ್ಲೇನು? ಇಲ್ಲ ಅನ್ರಿ.

...ಇಲ್ಲ.

ಅವ್ವಗ ಹೇಳಿಲ್ಲ. ಅಪ್ಪಗ ಹೇಳಿಲ್ಲ. ಒಂದು ವರ್ಷ ಆತು. ನಾನು ಕಲಿಸಿದ್ರಾಗ ಪೂರ್ತಿ ಬಂದದ್ದು ಅದೊಂದಽ ನೋಡ್ರಿ ಆಕಿಗೆ.